ಪಕ್ಕದ ಮನೆಯ ಕಂದಾಯ

"ಗೋಡೆಯ ಹೊರಮೈಗೆ ಹಿಡೀರಿ. ಒಳಗಡೆಗಲ್ಲ," ಎನ್ನುತ್ತಾರೆ ಮೇಡಂ. ಟೇಪಿನ ಕೊಕ್ಕೆ ನಿಮ್ಮ ಬೆರಳಲ್ಲಿ, ಡಬ್ಬಿ ಅವರ ಕೈಯಲ್ಲಿ. ಬೆಂಗಳೂರಿನ ಚಾಮರಾಜಪೇಟೆಯ ಅಡ್ಡರಸ್ತೆ, ಬೆಳಿಗ್ಗೆ ಒಂಬತ್ತೂವರೆ. ಕಾಂಪೌಂಡಿಗೂ ಮನೆಗೂ ನಡುವೆ ಒಬ್ಬರು ಅಡ್ಡಡ್ಡ ತೂರಿಕೊಂಡು ಹೋಗುವಷ್ಟೇ ಜಾಗ. ಒಣಹಾಕಿದ ಸೀರೆಯ ತಣ್ಣನೆಯ ಅಂಚು ಕೆನ್ನೆಗೆ ತಾಗುತ್ತದೆ. "ಇಪ್ಪತ್ತೆಂಟು ಅಡಿ, ನಾಲ್ಕಿಂಚು." ಬರೆದುಕೊಳ್ಳುತ್ತೀರಿ. ಮೇಡಂ ಹಿಂದಿನ ಗೋಡೆಯನ್ನೂ ಅಳೆಸುತ್ತಾರೆ. ಹಳೇ ಮನೆಗಳ ಮೂಲೆಗಳು ನೇರವಾಗಿರುವುದಿಲ್ಲ; ಮುಂದಿದ್ದಷ್ಟೇ ಅಗಲ ಹಿಂದೆಯೂ ಇದೆ ಎಂದುಕೊಂಡು ಗುಣಿಸಿದರೆ ಚದರಡಿ ಲೆಕ್ಕ ಕೆಡುತ್ತದೆ. ಹಿಂದೆ ಅರ್ಧ ಅಡಿ ಕಡಿಮೆಯೇ ಬಂತು.

ನೀವು ಪಾಲಿಕೆಯ ಕಂದಾಯ ವಿಭಾಗಕ್ಕೆ ಹೊಸಬರು. ಮೇಡಂ ಮೌಲ್ಯಮಾಪಕರಾಗಿ ಬೀದಿ ಬೀದಿ ಸುತ್ತಿದವರು. ಮೈಸೂರಿನ ರಾಜ್ಯ ನಗರಾಭಿವೃದ್ಧಿ ಸಂಸ್ಥೆಯಂಥ ಕಡೆ ಕಾಯ್ದೆ, ನಿಯಮ, ನಮೂನೆ ಎಲ್ಲ ಕಲಿಸುತ್ತಾರೆ. ಮನೆ ನೋಡುವುದನ್ನು ಮಾತ್ರ ಮನೆಯೊಳಗೇ ಕಲಿಯಬೇಕು.

ಬಾಗಿಲು ತೆರೆದ ಅಮ್ಮನಿಗೆ ಎಪ್ಪತ್ತು ದಾಟಿರಬೇಕು. "ಬನ್ನಿ, ಚಪ್ಪಲಿ ಅಲ್ಲೇ ಬಿಡೀಪ್ಪಾ." ನಿಮ್ಮ ಕಣ್ಣು ಮೊದಲು ಹೋಗುವುದು ಬೀಟೆ ಮರದ ಬಾಗಿಲಿಗೆ, ಅದರ ಹಿತ್ತಾಳೆ ಗುಬುಟುಗಳಿಗೆ. ಇಂಥ ಬಾಗಿಲಿಗೆ ಈಗ ಎಷ್ಟಾಗಬಹುದು ಎಂಬ ಲೆಕ್ಕ ತಲೆಯಲ್ಲಿ ಶುರುವಾಗಿಬಿಟ್ಟಿದೆ. "ಬಾಗಿಲಿಗೆ ನಮ್ಮ ಪಟ್ಟಿಯಲ್ಲಿ ದರ ಇಲ್ಲ. ಮೇಲೆ ನೋಡಿ," ಮೇಡಂ ಪಿಸುಗುಡುತ್ತಾರೆ. ಮೇಲೆ ಒತ್ತೊತ್ತಾಗಿ ಮರದ ಜಂತೆಗಳು, ಅವುಗಳ ಮೇಲೆ ಓರೆಯಾಗಿ ನಿಲ್ಲಿಸಿದ ಇಟ್ಟಿಗೆ, ಸುಣ್ಣದ ಗಾರೆ. ಮದ್ರಾಸ್ ತಾರಸಿ. ಕೆಳಗೆ? ಅಂಗಾಲಿಗೇ ಗೊತ್ತಾಗುತ್ತದೆ: ನುಣುಪಾದ, ತಂಪಾದ ರೆಡ್ ಆಕ್ಸೈಡ್ ನೆಲ. ಬೆಂಗಳೂರಿನ ಪಟ್ಟಿಯಲ್ಲಿ ತಾರಸಿ ಮನೆಯ ನೆಲಕ್ಕೆ ಸಿಮೆಂಟ್ ಅಥವಾ ರೆಡ್ ಆಕ್ಸೈಡ್ ಹಾಕಿದ್ದರೆ ಒಂದು ವರ್ಗ, ಮೊಸಾಯಿಕ್ಕೋ ಮಾರ್ಬಲ್ಲೋ ಆಗಿದ್ದರೆ ಇನ್ನೊಂದು. ಹೆಂಚು, ಶೀಟಿನ ಮನೆಗೆ ಮತ್ತೊಂದು. ಸೂರು, ನೆಲ, ಅಳತೆ, ಕಟ್ಟಡದ ವಯಸ್ಸು, ಬೀದಿ ಯಾವ ದರ ವಲಯದ್ದು, ಯಾರು ವಾಸ. ಇಷ್ಟನ್ನೇ ನೋಡಬೇಕು, ಇಷ್ಟನ್ನೂ ಬಿಡದೆ ನೋಡಬೇಕು.

ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದ ಲೆಕ್ಕ ನೆನಪಾಗುತ್ತದೆ. ಡಿ ವಲಯದಲ್ಲಿ ಸಾವಿರ ಚದರಡಿಯ ಮೊದಲ ವರ್ಗದ, ಅಂದರೆ ಮೊಸಾಯಿಕ್ ನೆಲದ, ಆರ್‌ಸಿಸಿ ಮನೆ, ಮಾಲೀಕರದೇ ವಾಸ. 2008ರ ಪಟ್ಟಿಯಂತೆ ಚದರಡಿಗೆ ತಿಂಗಳಿಗೆ 1 ರೂಪಾಯಿ 60 ಪೈಸೆ. ವರ್ಷಕ್ಕೆ ಹಿಡಿಯುವುದು ಹತ್ತೇ ತಿಂಗಳು: 16,000. ಅದರ ಶೇ. 20 ಎಂದರೆ 3,200. ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಪುನರ್ವಸತಿಯ ಉಪಕರಗಳು ಒಟ್ಟು ಶೇ. 24, ಅಂದರೆ 768. ಸವಕಳಿ ಕಳೆಯುವ ಮೊದಲು ಎಲ್ಲ ಸೇರಿ 3,968. ಅದೇ ಮನೆ ಬಾಡಿಗೆಗೆ ಹೋಗಿದ್ದರೆ ದರ 3 ರೂಪಾಯಿ 20 ಪೈಸೆ, ತೆರಿಗೆ 7,936. 2016ರಲ್ಲಿ ದರ ಏರಿತು, ಲೆಕ್ಕದ ಹಾದಿ ಬದಲಾಗಲಿಲ್ಲ. ಗೋಡೆ, ಸೂರು, ನೆಲ ಎಲ್ಲ ಅವೇ. ಒಳಗೆ ಯಾರಿದ್ದಾರೆ ಎನ್ನುವುದರ ಮೇಲೆ ತೆರಿಗೆ ಇಮ್ಮಡಿಯಾಗುತ್ತದೆ.

ಆದ್ದರಿಂದಲೇ ಮುಂದಿನ ಪ್ರಶ್ನೆ ಕೇಳುವಾಗ ನಿಮ್ಮ ಗಂಟಲು ಸ್ವಲ್ಪ ಕಟ್ಟುತ್ತದೆ. "ಮನೇಲಿ ಬಾಡಿಗೆಗೆ ಯಾರಾದ್ರೂ ಇದಾರಾಮ್ಮ?"

ಅಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ. "ಹಿಂದಿನ ರೂಮಲ್ಲಿ ಇಬ್ರು ಹುಡುಗ್ರು. ಓದೋ ಮಕ್ಕಳು. ಅದನ್ನ ಬರೀಬೇಡೀಪ್ಪಾ."

ನೀವು ಮೇಡಂ ಮುಖ ನೋಡುತ್ತೀರಿ. ಅವರು ಅಮ್ಮನ ಪಕ್ಕ ಕೂತು, ಅರ್ಜಿಯ ಹಾಳೆಯನ್ನು ಅವರ ಕಡೆಗೇ ತಿರುಗಿಸುತ್ತಾರೆ. "ಬರೀಲೇಬೇಕಮ್ಮ. ಆದ್ರೆ ಪೂರ್ತಿ ಮನೆಗಲ್ಲ, ಆ ರೂಮಿನ ಅಳತೆಗೆ ಮಾತ್ರ. ಮನೆಗೆ ವಯಸ್ಸಾಗಿದೆಯಲ್ಲ, ಅದಕ್ಕೂ ಕಡಿತ ಇದೆ. ಏಪ್ರಿಲಲ್ಲೇ ಕಟ್ಟಿದ್ರೆ ನೂರಕ್ಕೆ ಐದು ರೂಪಾಯಿ ಉಳಿಯುತ್ತೆ." ಬೆರಳಿಟ್ಟು ಸಾಲು ಸಾಲಾಗಿ ತೋರಿಸುತ್ತಾರೆ. ಕಾಫಿ ಬರುತ್ತದೆ, ಮೇಡಂ ನೀರಷ್ಟೇ ಕುಡಿಯುತ್ತಾರೆ, ನೀವೂ ಲೋಟ ಮುಟ್ಟುವುದಿಲ್ಲ. ಅಳೆಯುವ ಮನೆಯಲ್ಲಿ ಕಾಫಿ ಬೇಡ ಎಂದು ಯಾವ ನಿಯಮದಲ್ಲೂ ಬರೆದಿಲ್ಲ. ಬರೆದಿರಬೇಕಿತ್ತು ಎನ್ನುವುದು ನನ್ನ ಅಭಿಪ್ರಾಯ.

ಹೀಗೆ ಹಾಳೆ ತಿರುಗಿಸಿ ತೋರಿಸಲು ಆಗುತ್ತಿರುವುದೇ ದೊಡ್ಡ ಮಾತು. ಹಿಂದೆ ಲೆಕ್ಕ ನಿಂತಿದ್ದದ್ದು ವಾರ್ಷಿಕ ಬಾಡಿಗೆ ಮೌಲ್ಯದ ಮೇಲೆ: ಈ ಮನೆ ಬಾಡಿಗೆಗೆ ಹೋದರೆ ಎಷ್ಟು ಬಂದೀತು ಎಂಬ ಅಂದಾಜು. ಅಂದಾಜು ಎಂದ ಮೇಲೆ ಚೌಕಾಸಿಗೂ ಜಾಗ ಇರುತ್ತದೆ. ಜೊತೆಗೆ, ಬಾಡಿಗೆ ನಿಯಂತ್ರಣ ಕಾಯ್ದೆ ಇರುವ ಕಡೆ ಕಾನೂನು ಒಪ್ಪುವ ಬಾಡಿಗೆಯನ್ನು ಮೀರಿ ಮೌಲ್ಯ ಕಟ್ಟುವಂತಿಲ್ಲ ಎಂದು ದೀವಾನ್ ದೌಲತ್ ರಾಯ್ ಕಪೂರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪೇಟೆಯ ಬಾಡಿಗೆ ಏರುತ್ತಾ ಹೋಯಿತು, ಪುಸ್ತಕದ ಬಾಡಿಗೆ ಇದ್ದಲ್ಲೇ ನಿಂತಿತು. ಪಾಟ್ನಾ 1993ರಲ್ಲಿ ವಿಸ್ತೀರ್ಣದ ಲೆಕ್ಕಕ್ಕೆ ಹೊರಳಿತು. ಬೆಂಗಳೂರು 2000ದಲ್ಲಿ ಸ್ವಯಂ ಘೋಷಣೆ ತಂದು, 2008ರಲ್ಲಿ ಪ್ರದೇಶವಾರು ದರಕ್ಕೆ ಬಂತು. ಈಗ ತನ್ನ ಮನೆಯ ಲೆಕ್ಕವನ್ನು ಮಾಲೀಕನೇ ಬರೆದು ಕೊಡುತ್ತಾನೆ. ಅದು ನಿಜವೇ ಎಂದು ನೋಡಲು ನೀವು ಬೇಕು.

ಹೆಸರು ಒಂದೇ ಆದರೂ, ಕಂಪನಿ ಕಾಯ್ದೆಯಡಿ ನೋಂದಾಯಿತ ಮೌಲ್ಯಮಾಪಕರಾಗುವವರ ದಾರಿ ಬೇರೆ. ಅವರಿಗೆ 2017ರ ನಿಯಮಗಳಿವೆ, ಪರೀಕ್ಷೆ ಇದೆ. ಅವರು ಒಂದು ಆಸ್ತಿಗೆ ಬೆಲೆ ಕಟ್ಟಿ ಎದ್ದು ಹೋಗಬಹುದು. ನೀವು ಇಡೀ ಬೀದಿಗೆ ಉತ್ತರ ಹೇಳಬೇಕು.

ಹೊರಗೆ ಬಂದಾಗ ಬಿಸಿಲು ಏರಿದೆ. 1892ರಲ್ಲಿ ರೂಪುಗೊಂಡ ಬಡಾವಣೆ ಇದು. ಹೆಂಚಿನ ಮನೆ, ತಾರಸಿ ಮನೆ, ಗಾಜು ಮೆತ್ತಿದ ಹೊಸ ಕಟ್ಟಡ ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿವೆ. ಪಕ್ಕದ್ದು ನಾಲ್ಕು ಅಂತಸ್ತು. ಮೇಡಂ ಅದರ ಘೋಷಣೆಯ ಪ್ರತಿ ತೆಗೆಯುತ್ತಾರೆ: ನೆಲಮಹಡಿ, ಮೊದಲ ಮಹಡಿ, ಸ್ವಂತ ವಾಸ.

"ಆ ಅಮ್ಮನ ಹತ್ರ ರೂಮಿನ ಬಾಡಿಗೆ ಲೆಕ್ಕ ಹಿಡಿದಿದ್ದೀವಿ," ಎನ್ನುತ್ತಾರೆ. ದನಿಯಲ್ಲಿ ಕೋಪ ಇಲ್ಲ. "ಇಲ್ಲಿ ಕಣ್ಣು ಮುಚ್ಚಿದ್ರೆ ಅವರಿಗೆ ಮೋಸ ಮಾಡಿದ ಹಾಗೆ."

ನನ್ನ ಮಟ್ಟಿಗೆ ಈ ಕೆಲಸದ ತಿರುಳೇ ಇದು. ಪುಸ್ತಕಕ್ಕೆ ಬಾರದ ಎರಡು ಮಹಡಿಯ ಭಾರ ಗಾಳಿಯಲ್ಲಿ ಕರಗುವುದಿಲ್ಲ. ಬೀದಿದೀಪ, ಚರಂಡಿ, ಕಸದ ಗಾಡಿಯ ಖರ್ಚಿನ ಆ ಪಾಲು ನಿಜ ಬರೆದವರ ಹೆಗಲಿಗೇ ಬೀಳುತ್ತದೆ.

"ಯಾವುದರಿಂದ ಶುರು ಮಾಡ್ತೀರಿ?" ಮೇಡಂ ಕೇಳುತ್ತಾರೆ.

ಟೇಪಿನಿಂದ ಎನ್ನಲು ಬಾಯಿ ತೆರೆದವರು ಮೆಟ್ಟಿಲ ಕೆಳಗಿನ ಸಾಲನ್ನು ನೋಡಿ ತಡೆಯುತ್ತೀರಿ. ಬೆಸ್ಕಾಂ ಮೀಟರುಗಳು. ಒಂದೇ ಸಂಸಾರಕ್ಕೆ ಏಳು ಮೀಟರು ಏಕೆ ಬೇಕು? ಒಂದೊಂದರ ಆರ್‌ಆರ್ ನಂಬರನ್ನೂ ಬರೆದುಕೊಳ್ಳುತ್ತೀರಿ. ಮೇಲಿನಿಂದ ಮಾಲೀಕರು ಇಳಿದು ಬರುತ್ತಾರೆ. "ಏನ್ ಸಾರ್, ಫೋನ್ ಮಾಡಿದ್ರೆ ನಾನೇ ಆಫೀಸಿಗೆ ಬರ್ತಿದ್ನಲ್ಲ."

"ನಮಸ್ಕಾರ ಸಾರ್," ಎನ್ನುತ್ತೀರಿ. ಗುರುತಿನ ಚೀಟಿ ತೋರಿಸಿ, ಘೋಷಣೆಯ ಹಾಳೆಯನ್ನು ಅವರ ಕಡೆಗೆ ತಿರುಗಿಸುತ್ತೀರಿ. "ಅಳತೆ ಮಾಡ್ತೀವಿ. ವ್ಯತ್ಯಾಸ ಬಂದ್ರೆ ನೋಟಿಸ್ ಬರುತ್ತೆ, ನೀವು ಹೇಳೋದನ್ನೂ ಕೇಳ್ತೀವಿ. ಮೂರನೇ ಮಹಡಿಯಿಂದ ಶುರು ಮಾಡೋಣ್ವಾ?"