ಮಿಸ್ಸಿಂಗ್ ಹೊಡೆಯುವ ಹಳೇ ಪಿಕಪ್

ಹಳೇ ಪೆಟ್ರೋಲ್ ಪಿಕಪ್ ಮಿಸ್ಸಿಂಗ್ ಹೊಡೆದರೆ ಸಾಕು, ಪ್ಲಗ್, ಕಾಯಿಲ್, ಇಂಜೆಕ್ಟರ್ ಅಂತ ಒಂದೊಂದೇ ಹೊಸದು ಹಾಕಿಸ್ತಾ ಹೋಗ್ತಾರೆ. ದುಡ್ಡು ಖಾಲಿ, ನಡುಕ ಹಾಗೇ. ಸ್ಕ್ಯಾನರ್ ಪಿ0303 ತೋರಿಸಿದ್ರೆ ಮೂರನೇ ಸಿಲಿಂಡರ್ ಸರಿಯಾಗಿ ಉರೀತಿಲ್ಲ ಅಂತಷ್ಟೇ. ಯಾಕೆ ಅನ್ನೋದನ್ನ ನಾವೇ ಹುಡುಕಬೇಕು. ಒಂದೊಂದು ಪ್ಲಗ್ಗಿಗೂ ಬೇರೆ ಕಾಯಿಲ್ ಇದ್ರೆ, ಮೂರನೆಯದನ್ನ ಒಂದನೆಯದರ ಜೊತೆ ಅದಲುಬದಲು ಮಾಡಿ ನೋಡಿ. ಕೋಡ್ ಪಿ0301ಕ್ಕೆ ಹೋದ್ರೆ ಕಾಯಿಲ್ಲೇ ಕಳ್ಳ. ಕದಲದಿದ್ರೆ ಪ್ಲಗ್ ಬಿಚ್ಚಿ. ಬಿಳಿ ಪಿಂಗಾಣಿ ಮೇಲೆ ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆ ಕಂಡ್ರೆ ಕಿಡಿ ಒಳಗೆ ಹೋಗದೆ ಅಲ್ಲೇ ಸೋರ್ತಿದೆ. ಪ್ಲಗ್ಗಿನ ಗುಳಿಯಲ್ಲಿ ಆಯಿಲ್ ನಿಂತಿದ್ಯಾ ಅಂತಲೂ ನೋಡಿ. ಇವೆಲ್ಲ ಸರಿಯಿದ್ರೆ ಇಂಜೆಕ್ಟರ್, ಆಮೇಲೆ ಕಂಪ್ರೆಷನ್. ಚೆಕ್ ಇಂಜಿನ್ ಲೈಟು ಮಿನುಗ್ತಿದ್ರೆ ಮಾತ್ರ ದಯವಿಟ್ಟು ಓಡಿಸ್ಬೇಡಿ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರನ್ನೂ ಹಾಳು ಮಾಡುತ್ತೆ.