ಸೋತ ಕೈಗೆ ಸಮಯ ಕೊಡಿರಿ

ನಡೆಯುವುದು ಎಷ್ಟು ಕಠಿಣವಾದ ಕೆಲಸವೆಂದು ನೀವು ಎಂದಾದರೂ ಯೋಚಿಸಿದ್ದೀರಾ? ಒಂದು ಪಾದ ನೆಲದಿಂದ ಮೇಲೆದ್ದಾಗ ಇಡೀ ಶರೀರದ ಭಾರವನ್ನು ಇನ್ನೊಂದು ಕಾಲು ಹೊರುತ್ತದೆ. ಆ ಕ್ಷಣದ ಸಮತೋಲನವನ್ನು ಮೆದುಳು ನಮ್ಮ ಅರಿವಿಗೆ ಬಾರದಂತೆಯೇ ಕಾಯುತ್ತದೆ. ಪಾರ್ಶ್ವವಾಯು ಬಡಿದ ಮನೆಯವರಿಗೆ ಮಾತ್ರ ಈ ಸತ್ಯ ದಿನನಿತ್ಯವೂ ಕಣ್ಣಿಗೆ ಕಾಣುತ್ತದೆ.

ಮೆದುಳಿನ ಯಾವುದೋ ಭಾಗಕ್ಕೆ ರಕ್ತದ ಹರಿವು ನಿಂತಾಗ ಅಥವಾ ರಕ್ತನಾಳ ಒಡೆದಾಗ ಈ ಆಘಾತ ಸಂಭವಿಸುತ್ತದೆ. ಬಾಯಿ ಓರೆಯಾದರೆ, ಕೈ ಸೋತರೆ, ಮಾತು ತೊದಲಿದರೆ ಕ್ಷಣವೂ ಕಾಯಬಾರದು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೊದಲ 4½ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ದೇಹದ ಬಲಭಾಗ ಸೋಲುತ್ತದೆ. ನಮ್ಮ ತಂದೆಯವರಿಗೆ ಆದದ್ದು ಇದೇ. ಆಸ್ಪತ್ರೆಯಿಂದ ಮನೆಗೆ ಬಂದಾಗ ಮಂಚದ ಅಂಚಿನಲ್ಲಿ ಆಸರೆಯಿಲ್ಲದೆ ಕುಳಿತಿರಲೂ ಅವರಿಂದ ಆಗುತ್ತಿರಲಿಲ್ಲ.

ಫಿಜಿಯೋಥೆರಪಿಸ್ಟ್ ಕಲಿಸಿದ ಪಾಠಗಳು ಸರಳವಾಗಿದ್ದವು. ಸೋತ ಕೈಯನ್ನು ಹಿಡಿದು ಎಬ್ಬಿಸಬಾರದು, ಭುಜದ ಕೀಲು ಜಾರೀತು. ನಡೆಸುವವರು ಸೋತ ಪಕ್ಕದಲ್ಲಿ ನಿಲ್ಲಬೇಕು. ಊರುಗೋಲು ಗಟ್ಟಿ ಕೈಯಲ್ಲಿರಬೇಕು. ಕುರ್ಚಿಯಿಂದ ಏಳುವಾಗ ಪಾದಗಳನ್ನು ಹಿಂದೆ ಸರಿಸಿ, ಎದೆಯನ್ನು ಮುಂದಕ್ಕೆ ಬಾಗಿಸಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು.

ಪಾಠ ಸರಳ, ಪಾಲನೆ ಕಠಿಣ. ಒಂದು ಅಂಗಿಯ ಗುಂಡಿ ಹಾಕಿಕೊಳ್ಳಲು ತಂದೆಯವರಿಗೆ ಹತ್ತು ನಿಮಿಷ ಬೇಕಾಗುತ್ತಿತ್ತು. ಅಷ್ಟು ಹೊತ್ತೂ ಅಮ್ಮ ತಮ್ಮ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಪಕ್ಕದಲ್ಲಿ ನಿಂತಿರುತ್ತಿದ್ದರು. ಊಟದ ತಟ್ಟೆಯ ಸುತ್ತ ಅನ್ನ ಚೆಲ್ಲುವುದನ್ನು ಕಂಡ ಬಂಧುಗಳು, "ಇವರನ್ನೇಕೆ ಹೀಗೆ ಕಾಡಿಸುತ್ತೀ? ನೀನೇ ತಿನ್ನಿಸಬಾರದೇ?" ಎಂದು ಗದರಿದರು. "ತಿನ್ನಿಸುವುದು ನನಗೆ ಸುಲಭ. ಆದರೆ ಆ ಕೈ ಕಲಿಯುವುದು ಯಾವಾಗ?" ಎಂದರು ಅಮ್ಮ.

ಅಮ್ಮನ ಮಾತಿಗೆ ಸಾಕ್ಷಿಯಂತಿರುವ ಘಟನೆಯೊಂದು ವೈದ್ಯಲೋಕದಲ್ಲಿ ಪ್ರಸಿದ್ಧವಾಗಿದೆ. 1959ರಲ್ಲಿ ನ್ಯೂಯಾರ್ಕಿನ ಪ್ರಾಧ್ಯಾಪಕ ಪೆದ್ರೊ ಬಾಕ್-ಇ-ರೀತಾ ಅವರಿಗೆ ಪಾರ್ಶ್ವವಾಯು ಬಡಿಯಿತು. ಮಗ ಜಾರ್ಜ್ ಅವರನ್ನು ಮೆಕ್ಸಿಕೊಗೆ ಕರೆದೊಯ್ದು, ಮಗುವಿನಂತೆ ಮೊದಲು ಅಂಬೆಗಾಲಿಡಲು ಕಲಿಸಿದನು. ನೆರೆಯವರು ಹಳಿದರೂ ಬಿಡಲಿಲ್ಲ. ಪಾತ್ರೆ ತೊಳೆಯುವಂಥ ಮನೆಗೆಲಸವೇ ಅವರ ವ್ಯಾಯಾಮವಾಯಿತು. ಕೊನೆಗೆ ಅವರು ಮತ್ತೆ ಪಾಠ ಹೇಳುವಷ್ಟು ಚೇತರಿಸಿಕೊಂಡರು. ವರ್ಷಗಳ ನಂತರ ಕೊಲಂಬಿಯದ ಬೆಟ್ಟದಲ್ಲಿ ತೀರಿಕೊಂಡಾಗ ನಡೆಸಿದ ಪರೀಕ್ಷೆಯಲ್ಲಿ, ಮೆದುಳಿನ ಗಾಯ ಹಾಗೆಯೇ ಉಳಿದಿದ್ದುದು ಕಂಡುಬಂತು. ಗಾಯ ಮಾಯದಿದ್ದರೂ, ಉಳಿದ ಭಾಗಗಳು ಅಭ್ಯಾಸಬಲದಿಂದ ಅದರ ಕೆಲಸವನ್ನು ವಹಿಸಿಕೊಂಡಿದ್ದವು.

ಎಲ್ಲರಿಗೂ ಅಷ್ಟು ದೂರ ಸಾಗಲು ಆಗುವುದಿಲ್ಲ. ಚೇತರಿಕೆಯ ವೇಗ ಮೊದಲ ಕೆಲವು ತಿಂಗಳುಗಳಲ್ಲಿ ಹೆಚ್ಚು, ಅನಂತರ ನಿಧಾನ. ಆದರೂ ಅದು ನಿಂತೇ ಹೋಗಬೇಕೆಂದಿಲ್ಲ. ನಮ್ಮ ತಂದೆಯವರು ಇಂದು ಊರುಗೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಬಲಗೈಯ ಬೆರಳುಗಳು ಇನ್ನೂ ಪೂರ್ತಿಯಾಗಿ ಬಿಡಿಸಿಕೊಂಡಿಲ್ಲ. ಕೆಲವು ಸಂಜೆ ಅವರು ಮಾತಿಲ್ಲದೆ ಕಣ್ಣೀರಿಡುತ್ತಾರೆ. ಈ ಕಾಯಿಲೆಯ ಬಳಿಕ ಮನಸ್ಸು ಕುಗ್ಗುವುದು ಸಾಮಾನ್ಯ. ಅದಕ್ಕೂ ಚಿಕಿತ್ಸೆಯಿದೆಯೆಂದು ಎಲ್ಲರೂ ತಿಳಿದಿರಬೇಕು.

ಇನ್ನು, ಆರೈಕೆ ಮಾಡುವವರ ಸಮತೋಲನವನ್ನು ಕಾಯುವವರು ಯಾರು? ರಾತ್ರಿ ಮೂರು ಬಾರಿ ಏಳುವ ಅಮ್ಮನ ಸೊಂಟ ನೋಯುತ್ತದೆ. ನಿದ್ದೆಯಂತೂ ದೂರವೇ ಉಳಿದಿದೆ. ಬಂದವರೆಲ್ಲ ವಿಚಾರಿಸುವುದು ರೋಗಿಯನ್ನು ಮಾತ್ರ. ಒಂದು ದಿನ ನೆರೆಮನೆಯ ಅಕ್ಕ ಬಂದು, "ನಾನು ಇವರ ಹತ್ತಿರ ಕುಳಿತಿರುತ್ತೇನೆ, ನೀವು ಮಲಗಿ" ಎಂದರು. ಅಮ್ಮ ಎರಡು ಗಂಟೆ ಎಚ್ಚರವಿಲ್ಲದೆ ನಿದ್ರಿಸಿದರು.

ನಮ್ಮ ಧರ್ಮಕೇಂದ್ರಗಳಲ್ಲಿಯೂ ಇಂಥ ಮನೆಗಳಿವೆ. ಅಲ್ಲಿಗೆ ಹೋಗುವಾಗ ಹಣ್ಣುಹಂಪಲು ಒಯ್ಯುವುದು ಒಳ್ಳೆಯದೇ. ಅದರ ಜೊತೆಗೆ ನಿಮ್ಮ ಒಂದೆರಡು ಗಂಟೆಗಳನ್ನೂ ಒಯ್ಯಿರಿ. ರೋಗಿಯು ಲೋಟ ಎತ್ತಲು ಪ್ರಯತ್ನಿಸುವಾಗ ಅವಸರದಿಂದ ಕೈ ಚಾಚದಿರಿ. ಮನೆಯಾಕೆ ಕಣ್ಣುಜ್ಜಿಕೊಳ್ಳುತ್ತಾ ಬಾಗಿಲಿಗೆ ಬಂದರೆ, ಮೊದಲು ಆಕೆಯನ್ನು ಮಲಗಲು ಕಳುಹಿಸಿರಿ.