ಜರಡಿಯ ಪಾಠ

ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಹತ್ತನೆಯ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಅವರೆಬೀಜದಂತಹ ಎರಡು ಆಕೃತಿಗಳನ್ನು ಬರೆದು, "ಮೂತ್ರಪಿಂಡವೆಂದರೆ ರಕ್ತವನ್ನು ಸೋಸುವ ಜರಡಿ" ಎಂದು ನಾನು ಹೇಳುತ್ತಿದ್ದೆ. ಚಿತ್ರವನ್ನು ಅಂದವಾಗಿ ಬರೆದವರಿಗೆ ಒಂದಂಕ ಹೆಚ್ಚು. ಆ ಪಾಠ ಎಷ್ಟು ಅಪೂರ್ಣವೆಂಬುದು ನನಗೆ ಅರಿವಾದದ್ದು ನಿವೃತ್ತನಾದ ಮೇಲೆ, ಡಯಾಲಿಸಿಸ್ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕುಳಿತಾಗ.

ನನ್ನ ತಮ್ಮನಿಗೆ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಕೆಲವು ತಿಂಗಳ ಹಿಂದೆ ಒಂದು ವಿಚಿತ್ರ ಕಾಣಿಸಿಕೊಂಡಿತು. ಯಂತ್ರವು ಎರಡು ಲೀಟರು ನೀರು ತೆಗೆದ ಮೇಲೆ ಅವನ ರಕ್ತದೊತ್ತಡ ಇಳಿಯುವ ಬದಲು ಏರುತ್ತಿತ್ತು. "ಅಣ್ಣಾ, ನೀನು ವಿಜ್ಞಾನದ ಮೇಷ್ಟ್ರು. ನೀರು ಹೋದರೆ ಒತ್ತಡ ಇಳಿಯಬೇಕಲ್ಲವೆ?" ಎಂದು ಕೇಳಿದ. ಉತ್ತರ ತಿಳಿಯದ ನಾನು ಮೇಷ್ಟ್ರುತನವನ್ನೇ ತೋರಿದೆ. ಕದ್ದು ಉಪ್ಪಿನಕಾಯಿ ತಿಂದಿರುವೆಯೆಂದು ಎಲ್ಲರೆದುರು ಗದರಿಸಿಬಿಟ್ಟೆ. ಅವನು ಗೋಡೆಯ ಕಡೆಗೆ ಮುಖ ತಿರುಗಿಸಿದ.

ವೈದ್ಯೆಯಾಗಿರುವ ನನ್ನ ಶಿಷ್ಯೆಯೊಬ್ಬಳು ಹಬ್ಬಕ್ಕೆ ಬಂದಾಗ ಜಗಲಿಯ ಮೇಲೆ ಕುಳಿತು ನನಗೇ ಪಾಠ ಹೇಳಿದಳು. ರಕ್ತನಾಳಗಳ ಒಳಪದರದ ಕೋಶಗಳು ಎಂಡೋಥೀಲಿನ್ ಎಂಬ ಪೆಪ್ಟೈಡನ್ನು ಸ್ರವಿಸುತ್ತವೆ. 21 ಅಮೈನೊ ಆಮ್ಲಗಳ ಪುಟ್ಟ ಸರಪಳಿ ಅದು. ಆದರೆ ನಾಳಗಳನ್ನು ಹಿಂಡಿ ಕಿರಿದಾಗಿಸುವುದರಲ್ಲಿ ಅದಕ್ಕೆ ಸರಿಸಾಟಿ ವಿರಳ. 1988ರಲ್ಲಿ ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದ ಯಾನಗಿಸಾವಾ ಮತ್ತು ಸಂಗಡಿಗರು ಹಂದಿಯ ಮಹಾಪಧಮನಿಯ ಕೋಶಗಳಿಂದ ಇದನ್ನು ಬೇರ್ಪಡಿಸಿದರು. ಅಟ್ರಾಕ್ಟಾಸ್ಪಿಸ್ ಎಂಬ ಬಿಲವಾಸಿ ಹಾವಿನ ವಿಷದಲ್ಲಿರುವ ಸರಾಫೊಟಾಕ್ಸಿನ್ ಇದರ ದಾಯಾದಿಯಂತೆ! ಆ ವರ್ಷ ನಾನೂ ಜೀವಶಾಸ್ತ್ರವನ್ನೇ ಬೋಧಿಸುತ್ತಿದ್ದೆ. ಈ ಹೆಸರು ಮಾತ್ರ ಕಿವಿಗೆ ಬಿದ್ದಿರಲಿಲ್ಲ.

ಡಯಾಲಿಸಿಸ್‌ನಲ್ಲಿರುವವರ ರಕ್ತದಲ್ಲಿ ಎಂಡೋಥೀಲಿನ್ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಕೆಲವರಲ್ಲಿ ಚಿಕಿತ್ಸೆಯ ನಡುವೆಯೇ ಒತ್ತಡ ಏರುವುದಕ್ಕೆ ಇದೂ ಒಂದು ಕಾರಣವೆಂದು ಭಾವಿಸಲಾಗಿದೆ. ದೇಹದಲ್ಲಿ ಅಡಗಿ ಉಳಿದ ನೀರು ಮತ್ತೊಂದು. ಬಿಳಿ ರಕ್ತಕಣಗಳಾದ ಮಾನೊಸೈಟುಗಳು, ಅವುಗಳಿಂದಾಗುವ ಮ್ಯಾಕ್ರೊಫೇಜುಗಳು ಸಹ ಇದನ್ನು ತಯಾರಿಸಬಲ್ಲವು. ರಕ್ತವು ಯಂತ್ರದ ಕೃತಕ ಪೊರೆಯನ್ನು ಸ್ಪರ್ಶಿಸಿದಾಗ ಈ ರಕ್ಷಕ ಕಣಗಳು ಕೆರಳುತ್ತವೆ. ಹಿಂದಿನ ಸೆಲ್ಯುಲೋಸ್ ಪೊರೆಗಳಲ್ಲಂತೂ ಮೊದಲ ಅರ್ಧ ಗಂಟೆಯೊಳಗೆ ನ್ಯೂಟ್ರೋಫಿಲ್‌ಗಳ ಎಣಿಕೆ ಥಟ್ಟನೆ ಕುಸಿಯುತ್ತಿತ್ತು. ಅವು ಶ್ವಾಸಕೋಶದ ಲೋಮನಾಳಗಳಲ್ಲಿ ಹೋಗಿ ಸಿಲುಕಿಕೊಳ್ಳುತ್ತಿದ್ದವು. ಇಂದಿನ ಸಂಶ್ಲೇಷಿತ ಪೊರೆಗಳಿಂದ ಆ ತೊಂದರೆ ಬಹಳ ತಗ್ಗಿದೆ. ಹೀಗೆ ಸದಾ ಕೆರಳಿರುವ ಪಡೆ ನಿಜವಾದ ಶತ್ರುವಿನೆದುರು ಬಲಹೀನ. ಹೆಪಟೈಟಿಸ್ ಬಿ ಲಸಿಕೆಯನ್ನು ಇವರಿಗೆ ಇಮ್ಮಡಿ ಪ್ರಮಾಣದಲ್ಲಿ ಕೊಡುವುದು ಅದಕ್ಕಾಗಿಯೇ. ಗದ್ದಲ ಮಾಡುವ ತರಗತಿಯಲ್ಲಿ ಪ್ರಶ್ನೆ ಕೇಳಿದೊಡನೆ ಎಲ್ಲರೂ ತಲೆ ತಗ್ಗಿಸುವುದು ನನಗೆ ಹೊಸದಲ್ಲ.

ವೈದ್ಯರು ತಮ್ಮನ ಗುರಿತೂಕವನ್ನು ಇನ್ನಷ್ಟು ಇಳಿಸಿ, ಔಷಧಿಗಳನ್ನೂ ಬದಲಿಸಿದರು. ಒತ್ತಡ ಮೆಲ್ಲನೆ ಹತೋಟಿಗೆ ಬರುತ್ತಿದೆ. ಕಳೆದ ಗುರುವಾರ ಅವನ ಹಾಸಿಗೆಯ ಪಕ್ಕ ಕುಳಿತು, "ಅಂದು ನಿನ್ನನ್ನು ಬೈದದ್ದು ತಪ್ಪಾಯಿತು ಕಣೋ" ಎಂದೆ. ಐವತ್ತು ವರ್ಷಗಳಲ್ಲಿ ಅವನಿಗೆ ಇಂತಹ ಮಾತು ಹೇಳಿದ್ದು ಅದೇ ಮೊದಲಿರಬೇಕು. ಅವನು ಸೂಜಿಯಿಲ್ಲದ ಕೈಯಿಂದ ನನ್ನ ಬೆರಳು ಹಿಡಿದು, ನರ್ಸಿಗೆ ಕೇಳದಂತೆ ಪಿಸುಗುಟ್ಟಿದ: "ಉಪ್ಪಿನಕಾಯಿ ಎರಡು ಸಲ ತಿಂದಿದ್ದೆ ಅಣ್ಣಾ. ಅತ್ತಿಗೆಗೆ ಹೇಳಬೇಡ."